ದೂರದ ಯಾತ್ರೆ ನಿಂತಾಗ ಹತ್ತಿರದ ಬಸದಿ: ದೇಶವ್ರತ ತೋರುವ ದಾರಿ

ಕರ್ನಾಟಕದ ಹೆಚ್ಚಿನ ಜೈನ ಮನೆಗಳಲ್ಲಿ ಹಿರಿಯರ ಬಾಯಲ್ಲಿ ಕೇಳಿಬರುವ ಆಸೆ ಒಂದೇ: ಬದುಕಿನಲ್ಲಿ ಒಮ್ಮೆಯಾದರೂ ಸಮ್ಮೇದ ಶಿಖರಜಿಯ ವಂದನೆ ಆಗಬೇಕು. ಇಪ್ಪತ್ನಾಲ್ಕು ತೀರ್ಥಂಕರರಲ್ಲಿ ಇಪ್ಪತ್ತು ಮಂದಿ ಮೋಕ್ಷ ಪಡೆದ ಆ ಗಿರಿ ಇರುವುದು ಜಾರ್ಖಂಡಿನ ಗಿರಿಡೀಹ್ ಜಿಲ್ಲೆಯಲ್ಲಿ. ಬೆಟ್ಟ ಹತ್ತಿ, ಎಲ್ಲ ಟೋಂಕ್‌ಗಳ ದರ್ಶನ ಮಾಡಿ ಇಳಿಯುವಷ್ಟರಲ್ಲಿ ಸುಮಾರು 27 ಕಿ.ಮೀ. ನಡಿಗೆಯಾಗುತ್ತದೆ. ಇಲ್ಲಿಂದ ಹೋಗಿ ಬರಲು ಏನಿಲ್ಲವೆಂದರೂ ಒಂದು ವಾರ ಬೇಕು.

ಆದರೆ ಆ ವಾರ ಎಲ್ಲರಿಗೂ ಎಲ್ಲ ವರ್ಷವೂ ಸಿಗುವುದಿಲ್ಲ. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗ ರೈಲು, ಬಸ್ಸು ನಿಂತು, ಟಿಕೆಟ್ ಕಾದಿರಿಸಿದ್ದ ಯಾತ್ರಾ ಸಂಘಗಳು ಮನೆಯಲ್ಲೇ ಉಳಿದವು. ಆ ವರ್ಷದ ಮಹಾವೀರ ಜಯಂತಿಯನ್ನೂ ಮನೆಯ ದೇವರ ಮುಂದೆಯೇ ಆಚರಿಸಬೇಕಾಯಿತು. ಆ ಕಾಲ ಕಳೆಯಿತು. ಆದರೂ ಬೇರೆ ತಡೆಗಳು ಇದ್ದೇ ಇವೆ. ಅಜ್ಜನ ಮಂಡಿ ನೋವು, ಮಕ್ಕಳ ಪರೀಕ್ಷೆ, ಅಂಗಡಿ ಮುಚ್ಚಲಾಗದ ಹಂಗಾಮು, ಮಳೆಗಾಲ, ಕೈಯಲ್ಲಿ ಹಣವಿಲ್ಲದ ವರ್ಷ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ದೂರದ ದಾರಿ ಮುಚ್ಚುತ್ತದೆ.

ಇಂಥ ಹೊತ್ತಿನಲ್ಲಿ ಅನೇಕ ಕುಟುಂಬಗಳು ‘ಈ ವರ್ಷ ಎಲ್ಲಿಗೂ ಆಗಲಿಲ್ಲ’ ಎಂದು ಸುಮ್ಮನಾಗುತ್ತವೆ. ಶಿಖರಜಿಗೆ ಹೋಗಲಾಗದ ವರ್ಷ ಮನೆಯಿಂದ ನಲವತ್ತು ಕಿ.ಮೀ. ದೂರದ ಸಾವಿರ ವರ್ಷದ ಬಸದಿಗೂ ಹೋಗುವುದಿಲ್ಲ. ದೂರದ ಯಾತ್ರೆ ಆಗದಿದ್ದರೆ ಹತ್ತಿರದ್ದು ಲೆಕ್ಕಕ್ಕಿಲ್ಲ ಎಂಬ ಭಾವನೆ ಇದಕ್ಕೆ ಕಾರಣ. ನಮ್ಮ ಶ್ರಾವಕಾಚಾರ ಹೇಳುವುದು ಬೇರೆ. ಸಂಚಾರಕ್ಕೆ ಗಡಿ ಹಾಕಿಕೊಳ್ಳುವುದು ನಮ್ಮಲ್ಲಿ ಒಂದು ವ್ರತವೇ ಆಗಿದೆ.

ದಿಗ್ವ್ರತ, ದೇಶವ್ರತ ಎಂದರೇನು?

ಶ್ರಾವಕರ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತ. ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿ ‘ಇಲ್ಲಿಂದ ಮುಂದೆ ಹೋಗುವುದಿಲ್ಲ’ ಎಂದು ಜೀವಮಾನವಿಡೀ ಗಡಿ ಹಾಕಿಕೊಳ್ಳುವುದೇ ದಿಗ್ವ್ರತ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಈ ಗಡಿಯನ್ನು ಎಲ್ಲರಿಗೂ ಗೊತ್ತಿರುವ ಸಮುದ್ರ, ನದಿ, ಕಾಡು, ಬೆಟ್ಟ, ನಾಡು, ಯೋಜನಗಳಿಂದ ಗುರುತಿಸಬೇಕೆಂದು ಹೇಳುತ್ತದೆ. ಗಡಿ ಖಚಿತವಾಗಿರಬೇಕು, ಮನಸ್ಸು ಬಂದ ಹಾಗೆ ಹಿಗ್ಗಿಸಲು ಬರಬಾರದು ಎಂಬುದೇ ಇದರ ಉದ್ದೇಶ.

ಆ ದೊಡ್ಡ ಗಡಿಯೊಳಗೆ, ಸ್ವಲ್ಪ ಕಾಲದ ಮಟ್ಟಿಗೆ ಇನ್ನೂ ಚಿಕ್ಕ ಗಡಿ ಹಾಕಿಕೊಳ್ಳುವುದು ದೇಶವ್ರತ ಅಥವಾ ದೇಶಾವಕಾಶಿಕ. ಇಲ್ಲಿ ಗಡಿ ಮನೆ, ಹೊಲ, ಊರು, ನದಿ ಇರಬಹುದು. ಅವಧಿ ಒಂದು ವರ್ಷ, ಆರು ತಿಂಗಳು, ನಾಲ್ಕು ತಿಂಗಳು, ಒಂದು ತಿಂಗಳು, ಒಂದು ಪಕ್ಷ ಇರಬಹುದು. ತತ್ತ್ವಾರ್ಥಸೂತ್ರ ಇದನ್ನು ಗುಣವ್ರತಗಳ ಸಾಲಿನಲ್ಲೂ ಸಮಂತಭದ್ರರು ಶಿಕ್ಷಾವ್ರತಗಳ ಸಾಲಿನಲ್ಲೂ ಇಟ್ಟಿದ್ದಾರೆ. ಎಣಿಕೆ ಬೇರೆಯಾದರೂ ತಾತ್ಪರ್ಯ ಒಂದೇ.

ಗಡಿ ಹಾಕಿಕೊಳ್ಳುವುದರಿಂದ ಲಾಭವೇನು? ಗಡಿಯ ಆಚೆ ಶ್ರಾವಕನಿಂದ ಸ್ಥೂಲ ಹಿಂಸೆಯೂ ಇಲ್ಲ, ಸೂಕ್ಷ್ಮ ಹಿಂಸೆಯೂ ಇಲ್ಲ. ಆದ್ದರಿಂದ ಆ ಆಚೆಯ ಕ್ಷೇತ್ರದ ಮಟ್ಟಿಗೆ ಅವನ ಅಣುವ್ರತವೇ ಮಹಾವ್ರತದಂತಾಗುತ್ತದೆ ಎಂದು ಶಾಸ್ತ್ರಕಾರರು ವಿವರಿಸಿದ್ದಾರೆ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ಟೀಕೆ ಬರೆದ ಪೂಜ್ಯಪಾದಾಚಾರ್ಯರು ನಮ್ಮ ನಾಡಿನವರೇ.

ವ್ರತಕ್ಕೆ ಅತಿಚಾರಗಳನ್ನೂ ಹೇಳಿದ್ದಾರೆ. ದಿಗ್ವ್ರತದಲ್ಲಿ ಮೇಲೆ, ಕೆಳಗೆ, ಅಡ್ಡ ದಿಕ್ಕುಗಳಲ್ಲಿ ಗಡಿ ದಾಟುವುದು, ಲೋಭದಿಂದ ಕ್ಷೇತ್ರ ಹಿಗ್ಗಿಸಿಕೊಳ್ಳುವುದು, ಹಾಕಿಕೊಂಡ ಗಡಿಯನ್ನೇ ಮರೆಯುವುದು. ದೇಶವ್ರತದಲ್ಲಿ ಗಡಿಯಾಚೆಯಿಂದ ವಸ್ತು ತರಿಸುವುದು, ಆಳನ್ನು ಕಳಿಸಿ ಕೆಲಸ ಮಾಡಿಸುವುದು, ಕೂಗಿ ಕರೆಯುವುದು, ಮುಖ ತೋರಿಸಿ ಸನ್ನೆ ಮಾಡುವುದು, ಕಲ್ಲೋ ಮಣ್ಣೋ ಎಸೆದು ಗಮನ ಸೆಳೆಯುವುದು. ಕಾಲು ಮನೆಯಲ್ಲಿದ್ದು ಮನಸ್ಸು ಊರೆಲ್ಲ ಸುತ್ತಿದರೆ ಅದು ವ್ರತವಲ್ಲ ಎಂಬುದು ಇದರ ಅರ್ಥ. ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ದೂರದೂರಿನಿಂದ ಸಾಮಾನು ತರಿಸಿಕೊಳ್ಳುವ ಇಂದಿನವರಿಗೆ ಮೊದಲನೆಯ ಅತಿಚಾರ ಚೆನ್ನಾಗಿಯೇ ಅರ್ಥವಾಗುತ್ತದೆ.

ಒಂದು ವ್ಯತ್ಯಾಸ ನೆನಪಿನಲ್ಲಿರಬೇಕು. ಸರ್ಕಾರದ ಆದೇಶದಿಂದಲೋ ಕಾಯಿಲೆಯಿಂದಲೋ ಬಂದ ತಡೆ ವ್ರತವಲ್ಲ. ಅದು ಬರೀ ತಡೆ. ಅದನ್ನೇ ಒಪ್ಪಿಕೊಂಡು, ‘ಇಷ್ಟು ದಿನ ನನ್ನ ಜಿಲ್ಲೆಯ ಆಚೆ ಹೋಗುವುದಿಲ್ಲ, ಇದರೊಳಗಿನ ಜಿನಾಲಯಗಳ ದರ್ಶನ ಮಾಡುತ್ತೇನೆ’ ಎಂದು ಸಂಕಲ್ಪ ಮಾಡಿದ ದಿನದಿಂದ ಅದು ವ್ರತವಾಗುತ್ತದೆ.

ಮುನಿಗಳೂ ನಿಲ್ಲುತ್ತಾರೆ

ವರ್ಷವಿಡೀ ಪಾದವಿಹಾರ ಮಾಡುವ ಮುನಿ, ಆರ್ಯಿಕೆಯರು ಆಷಾಢದಿಂದ ದೀಪಾವಳಿಯವರೆಗೆ ಚಾತುರ್ಮಾಸಕ್ಕೆ ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಮಳೆಗಾಲದಲ್ಲಿ ನೆಲದ ಮೇಲೆ ಹುಲ್ಲು, ಹುಳು, ಇರುವೆ, ಪಾಚಿ ಎಲ್ಲವೂ ಹೆಚ್ಚು. ಪ್ರತಿ ಹೆಜ್ಜೆಗೂ ಜೀವಹಿಂಸೆಯಾಗುವ ಸಂಭವವಿರುವುದರಿಂದ ವಿಹಾರವನ್ನೇ ನಿಲ್ಲಿಸುವ ನಿಯಮ ಇದು. ಶ್ರಾವಕರೂ ಈ ನಾಲ್ಕು ತಿಂಗಳು ದೂರ ಪ್ರಯಾಣ ಕಡಿಮೆ ಮಾಡುವ ರೂಢಿ ಹಿಂದಿನಿಂದ ಇದೆ.

ಚಾತುರ್ಮಾಸ ನಡೆಯುವ ಊರು ಹತ್ತಿರದಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಪ್ರವಾಸ ಬೇರೆ ಬೇಕಿಲ್ಲ. ಬೆಳಿಗ್ಗೆ ಅಭಿಷೇಕ, ಮುನಿಗಳ ಆಹಾರಚರ್ಯೆ, ಪ್ರವಚನ, ಸಂಜೆಯ ಆರತಿ ಮುಗಿಸಿ ಮನೆಗೆ ಬರಬಹುದು. ಶ್ರಾವಣ ಶುದ್ಧ ಸಪ್ತಮಿಯ ಮೋಕ್ಷ ಸಪ್ತಮಿ ಬರುವುದೂ ಈ ಕಾಲದಲ್ಲೇ. ಪಾರ್ಶ್ವನಾಥ ತೀರ್ಥಂಕರರು ಶಿಖರಜಿಯಲ್ಲಿ ಮೋಕ್ಷ ಪಡೆದ ಆ ದಿನ ಊರೂರಿನ ಬಸದಿಗಳಲ್ಲಿ ನಿರ್ವಾಣ ಲಾಡು ಅರ್ಪಿಸುತ್ತಾರೆ. ಶಿಖರಜಿಗೆ ಹೋಗಲಾಗದವರು ಆ ದಿನ ಸಮೀಪದ ಪಾರ್ಶ್ವನಾಥ ಬಸದಿಯಲ್ಲಿದ್ದು ಭಾವವಂದನೆ ಮಾಡಬಹುದು.

ಯಾವ ಕಡೆಯವರಿಗೆ ಯಾವ ಕ್ಷೇತ್ರ?

ಕರ್ನಾಟಕದ ಜೈನರಿಗಿರುವ ಭಾಗ್ಯವೆಂದರೆ ಯಾವ ಮೂಲೆಯಲ್ಲಿದ್ದರೂ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ ಹಳೆಯ ಬಸದಿ ಇದ್ದೇ ಇರುತ್ತದೆ.

*ಬೆಂಗಳೂರು, ತುಮಕೂರು ಕಡೆ:* ತುಮಕೂರಿನ ಬಳಿಯ ಮಂದಾರಗಿರಿ, ಅಂದರೆ ಬಸದಿ ಬೆಟ್ಟ, ಅರ್ಧ ದಿನದ ಪ್ರವಾಸಕ್ಕೆ ಸಾಕು. ಬೆಟ್ಟದ ತುದಿಯಲ್ಲಿ ಪ್ರಾಚೀನ ಬಸದಿಗಳಿವೆ. ಬುಡದಲ್ಲಿ ಮುನಿಗಳ ನವಿಲುಗರಿಯ ಪಿಂಛಿಯ ಆಕಾರದಲ್ಲಿ ಕಟ್ಟಿದ 81 ಅಡಿ ಎತ್ತರದ ಗುರುಮಂದಿರವಿದೆ. ಮೇಲೆ ನಿಂತರೆ ಮೈದಾಳ ಕೆರೆ ಕಾಣುತ್ತದೆ. ಪಿಂಛಿ ಯಾಕೆ, ಮುನಿಗಳು ಅದನ್ನು ಹೇಗೆ ಬಳಸುತ್ತಾರೆ ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

*ಹಾಸನ, ಮಂಡ್ಯ ಕಡೆ:* ಶ್ರವಣಬೆಳಗೊಳಕ್ಕೆ ಹೋಗದ ಜೈನ ಮನೆಯಿಲ್ಲ. ಆದರೆ ಬಹಳ ಮಂದಿ ವಿಂಧ್ಯಗಿರಿ ಹತ್ತಿ, ಚಾವುಂಡರಾಯ 981ರಲ್ಲಿ ಪ್ರತಿಷ್ಠಾಪಿಸಿದ ಬಾಹುಬಲಿಯ ಪಾದಕ್ಕೆ ನಮಿಸಿ, ಇಳಿದು ಊಟ ಮಾಡಿ ಹೊರಟುಬಿಡುತ್ತಾರೆ. ಎದುರಿಗಿನ ಚಂದ್ರಗಿರಿ ಹಾಗೆಯೇ ಉಳಿಯುತ್ತದೆ. ಭದ್ರಬಾಹು ಗುಹೆ ಇರುವುದು ಅಲ್ಲಿ. ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತ ಮೌರ್ಯರ ಕಥೆಯನ್ನು 90 ಚಿಕ್ಕ ಚಿತ್ರಗಳಲ್ಲಿ ಕೆತ್ತಿದ್ದಾರೆ. ಬೆಳಗೊಳದ ಸುತ್ತಮುತ್ತ ಸಿಕ್ಕಿರುವ ಶಾಸನಗಳು ಐನೂರಕ್ಕೂ ಹೆಚ್ಚು. ಚಂದ್ರಗಿರಿಯ ಬಂಡೆಗಳ ಮೇಲಿನ ಅನೇಕ ಶಾಸನಗಳು ಸಲ್ಲೇಖನದಿಂದ ದೇಹ ಬಿಟ್ಟವರ ನೆನಪಿನವು.

ಊರೊಳಗೆ ಭಂಡಾರ ಬಸದಿಯನ್ನು ಹೊಯ್ಸಳರ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ. ಇಪ್ಪತ್ನಾಲ್ಕು ತೀರ್ಥಂಕರರು ಅಲ್ಲಿ ಸಾಲಾಗಿ ನಿಂತಿದ್ದಾರೆ. 1181ರ ಅಕ್ಕನ ಬಸದಿ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ ಕಟ್ಟಿಸಿದ್ದು. ಒಂದು ರಾತ್ರಿ ತಂಗಿದರೆ ಮರುದಿನ ಸಮೀಪದ ಜಿನನಾಥಪುರದ ಶಾಂತಿನಾಥ ಬಸದಿ, ವಾಪಸ್ಸು ಬರುವಾಗ ಸುಮಾರು 18 ಕಿ.ಮೀ. ದೂರದ ಕಂಬದಹಳ್ಳಿಯ ಪಂಚಕೂಟ ಬಸದಿ ಆಗುತ್ತವೆ. ಹಾಸನ ದಿಕ್ಕಿನವರು ಹಳೇಬೀಡಿನ ದೊಡ್ಡ ದೇವಾಲಯದ ಜೊತೆಗೆ ಬಸದಿಹಳ್ಳಿಯನ್ನು ನೋಡದೆ ಬರಬಾರದು. ಅಲ್ಲಿಯ ಪಾರ್ಶ್ವನಾಥ ಬಸದಿಯನ್ನು ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ. ಒಳಗಿನ ಕಪ್ಪು ಕಂಬಗಳು ಕನ್ನಡಿಯಂತೆ ಮುಖ ತೋರಿಸುತ್ತವೆ.

*ಮೈಸೂರು, ಚಾಮರಾಜನಗರ ಕಡೆ:* ಮೈಸೂರಿನಿಂದ ಸುಮಾರು 25 ಕಿ.ಮೀ. ದೂರದ ಗೊಮ್ಮಟಗಿರಿಯಲ್ಲಿ ಒಂದೇ ಬಂಡೆಯ ಮೇಲೆ ಬಾಹುಬಲಿ ನಿಂತಿದ್ದಾನೆ. ಮೆಟ್ಟಿಲು ಕಡಿಮೆ, ವಯಸ್ಸಾದವರಿಗೂ ಸುಲಭ. ಮಲೆಯೂರಿನ ಕನಕಗಿರಿಗೆ ಪೂಜ್ಯಪಾದಾಚಾರ್ಯರ ನೆನಪು ಸೇರಿಕೊಂಡಿದೆ. ದೇಶವ್ರತದ ಮಾತು ಮನೆಯಲ್ಲಿ ಬಂದಿದ್ದರೆ ಅದರ ಟೀಕಾಕಾರರ ಬೆಟ್ಟಕ್ಕೇ ಹೋಗಿಬಂದಂತಾಗುತ್ತದೆ.

*ಕರಾವಳಿ:* ಮೂಡುಬಿದಿರೆ, ಕಾರ್ಕಳ, ವೇಣೂರು ಒಂದಕ್ಕೊಂದು ಇಪ್ಪತ್ತು ಮೂವತ್ತು ಕಿ.ಮೀ. ಒಳಗೆ ಇವೆ. ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳು. 1430ರ ಸಾವಿರ ಕಂಬದ ಬಸದಿಯನ್ನು ನೋಡಿದವರು ಗುರುಬಸದಿಗೂ ಹೋಗಬೇಕು. ಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದದ್ದು ಮೂಡುಬಿದಿರೆಯಲ್ಲೇ. ಕಾರ್ಕಳದಲ್ಲಿ 1432ರ 42 ಅಡಿಯ ಬಾಹುಬಲಿ, 1586ರ ಚತುರ್ಮುಖ ಬಸದಿ. ವೇಣೂರಿನಲ್ಲಿ 1604ರ ಬಾಹುಬಲಿ. ವರಂಗದ ಕೆರೆ ಬಸದಿ ನೀರಿನ ನಡುವೆ ಇದ್ದು, ದೋಣಿಯಲ್ಲೇ ಹೋಗಬೇಕು. ಮಕ್ಕಳು ಮರೆಯದ ದರ್ಶನ ಅದು.

*ಮಲೆನಾಡು:* ಹೊಂಬುಜದಲ್ಲಿ ಪದ್ಮಾವತಿ ಅಮ್ಮನವರ ದರ್ಶನಕ್ಕೆ ಶುಕ್ರವಾರ ಜನ ಹೆಚ್ಚು. ಬೇರೆ ದಿನ ಹೋದರೆ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯನ್ನೂ ನೆಮ್ಮದಿಯಾಗಿ ನೋಡಬಹುದು. ನರಸಿಂಹರಾಜಪುರದಲ್ಲಿ ಜ್ವಾಲಾಮಾಲಿನಿ ದೇವಿಯ ಕ್ಷೇತ್ರವಿದೆ.

*ಗದಗ, ಹುಬ್ಬಳ್ಳಿ, ಬಾಗಲಕೋಟೆ ಕಡೆ:* ಗದಗಿನಿಂದ 12 ಕಿ.ಮೀ. ದೂರದ ಲಕ್ಕುಂಡಿಯ ಬ್ರಹ್ಮ ಜಿನಾಲಯ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು. ಅಲ್ಲಿಯ ಶಾಸನ 1007ರದು. ಗಂಡ ತೀರಿದ ಮೇಲೆ ಧರ್ಮಕ್ಕೂ ಸಾಹಿತ್ಯಕ್ಕೂ ಬದುಕನ್ನು ಕೊಟ್ಟವಳು ಈಕೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು, ರನ್ನನಿಗೆ ಆಶ್ರಯ ಕೊಟ್ಟಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ತಾಳೆಗರಿ, ಎಷ್ಟು ಲಿಪಿಕಾರರು, ಎಷ್ಟು ದಿನ ಎಂದು ಜಿನಾಲಯದ ಮಂಟಪದಲ್ಲಿ ಕುಳಿತು ಮಕ್ಕಳೇ ಲೆಕ್ಕ ಹಾಕಲಿ. ಲಕ್ಷ್ಮೇಶ್ವರದ ಶಂಖ ಬಸದಿ ಇದೇ ದಾರಿಗೆ ಸೇರಿಸಿಕೊಳ್ಳಬಹುದು. ನೇಮಿನಾಥರ ಲಾಂಛನ ಶಂಖ, ಅದರಿಂದ ಆ ಹೆಸರು. ಬಾದಾಮಿಯ ನಾಲ್ಕನೆಯ ಗುಹೆ, ಪಟ್ಟದಕಲ್ಲಿನ ಜೈನ ಬಸದಿ, ಐಹೊಳೆಯ ಮೇಗುತಿ ಒಂದೇ ದಿನದಲ್ಲಿ ಆಗುತ್ತವೆ. ಮೇಗುತಿ ಜಿನಾಲಯದಲ್ಲಿ 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಗೆದ್ದ ಮಾತು ಅದರಲ್ಲಿದೆ ಎಂದು ಶಾಲೆಯ ಪಾಠದಲ್ಲಿ ಓದಿದ ಮಗು ಅದನ್ನು ಬಸದಿಯ ಗೋಡೆಯಲ್ಲೇ ನೋಡಬಹುದು.

*ಬೆಳಗಾವಿ, ಕಲಬುರಗಿ ಕಡೆ:* ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ 1204ರದು. ಮಂಟಪದ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲಕ್ಕೆ 72 ದಳ, ಭೂತ, ವರ್ತಮಾನ, ಭವಿಷ್ಯದ ತೀರ್ಥಂಕರರ ಲೆಕ್ಕದಲ್ಲಿ. ನಿಪ್ಪಾಣಿ ಬಳಿಯ ಸ್ತವನಿಧಿ ಹೆದ್ದಾರಿಯ ಪಕ್ಕದಲ್ಲೇ ಇದೆ. ಕಲಬುರಗಿ ಕಡೆಯವರಿಗೆ ಕಾಗಿಣಾ ನದಿಯ ಮಳಖೇಡ, ಅಮೋಘವರ್ಷ ನೃಪತುಂಗನ ಮಾನ್ಯಖೇಟ, ನೇಮಿನಾಥ ಬಸದಿಯೊಂದಿಗೆ ಕಾಯುತ್ತಿದೆ.

ಒಂದು ದಿನವನ್ನು ಹೇಗೆ ಕಳೆಯಬೇಕು?

ಹತ್ತಿರದ ಪ್ರವಾಸಕ್ಕೂ ತಯಾರಿ ಬೇಕು. ಹಳ್ಳಿಯ ಬಸದಿಗಳು ದಿನವಿಡೀ ತೆರೆದಿರುವುದಿಲ್ಲ. ಬೆಳಗಿನ ಅಭಿಷೇಕ ಮುಗಿದ ಮೇಲೆ ಬೀಗ ಬೀಳುತ್ತದೆ. ಹಿಂದಿನ ದಿನವೇ ಅರ್ಚಕರಿಗೆ ಫೋನ್ ಮಾಡಿ ಹೊತ್ತು ಕೇಳಿಕೊಳ್ಳುವುದು ಒಳ್ಳೆಯದು. ಕರಾವಳಿಯಲ್ಲಿ ಅವರನ್ನು ಇಂದ್ರರು ಎಂದೂ, ಉತ್ತರ ಕರ್ನಾಟಕದಲ್ಲಿ ಉಪಾಧ್ಯೆಯವರು ಎಂದೂ, ಹಳೇ ಮೈಸೂರು ಕಡೆ ಪುರೋಹಿತರು ಎಂದೂ ಕರೆಯುತ್ತಾರೆ. ಅಭಿಷೇಕ ಮಾಡುವ ಆಸೆಯಿದ್ದವರು ಮಡಿ ಪಂಚೆ ಒಯ್ಯಬೇಕು. ಚರ್ಮದ ಬೆಲ್ಟು, ಪರ್ಸು ಮನೆಯಲ್ಲೇ ಬಿಡಬೇಕು.

ಊಟದ ಚಿಂತೆ ಹತ್ತಿರದ ಪ್ರವಾಸದಲ್ಲಿ ಕಡಿಮೆ. ಮನೆಯ ಬುತ್ತಿ ಮಧ್ಯಾಹ್ನದವರೆಗೆ ಕೆಡುವುದಿಲ್ಲ. ಚಪಾತಿ, ಶೇಂಗಾ ಚಟ್ನಿ, ಈರುಳ್ಳಿಯಿಲ್ಲದ ಚಿತ್ರಾನ್ನ, ಸೋಸಿ ಕಾಯಿಸಿದ ನೀರು ಇದ್ದರೆ ಕಂದಮೂಲದ ಭಯವಿಲ್ಲದೆ ಊಟವಾಗುತ್ತದೆ. ಸೂರ್ಯಾಸ್ತದೊಳಗೆ ಮನೆ ಸೇರುವ ಹಾಗೆ ಹೊರಟರೆ ರಾತ್ರಿ ಭೋಜನ ತ್ಯಾಗದ ನಿಯಮವೂ ಉಳಿಯುತ್ತದೆ. ದೂರದ ರೈಲು ಪ್ರಯಾಣದಲ್ಲಿ ಈ ಎರಡು ನಿಯಮ ಪಾಲಿಸಲು ಎಷ್ಟು ಕಷ್ಟವೆಂದು ಹೋಗಿ ಬಂದವರಿಗೆ ಗೊತ್ತು.

ಬೆಟ್ಟವಿರುವ ಕಡೆ ಬೆಳಗಿನ ಜಾವವೇ ಹತ್ತಬೇಕು. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಿನಲ್ಲಿ. ಮಧ್ಯಾಹ್ನ ಬಂಡೆ ಕಾದು ಕಾಲು ಇಡಲಾಗುವುದಿಲ್ಲ. ಹತ್ತಲಾಗದವರಿಗೆ ಡೋಲಿ ಸಿಗುತ್ತದೆ. ಒಂದು ದಿನಕ್ಕೆ ಎರಡು ಕ್ಷೇತ್ರ ಸಾಕು. ಐದು ಬಸದಿ ಓಡಿ ಓಡಿ ನೋಡುವುದಕ್ಕಿಂತ ಒಂದರಲ್ಲಿ ಕುಳಿತು ಒಂದು ಸಾಮಾಯಿಕ ಮಾಡುವುದು ಮೇಲು.

ನಾವು ಹೋಗದಿದ್ದರೆ ಯಾರು ಹೋಗುತ್ತಾರೆ?

ಶಿಖರಜಿಗೆ ಒಂದು ಕುಟುಂಬ ಹೋಗದಿದ್ದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಅಲ್ಲಿಗೆ ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ. ಆದರೆ ಜೈನ ಮನೆಗಳೆಲ್ಲ ಪೇಟೆ ಸೇರಿ, ಎರಡು ಮೂರು ಮನೆ ಮಾತ್ರ ಉಳಿದಿರುವ ಹಳ್ಳಿಯ ಬಸದಿಗೆ ಒಂದು ಕುಟುಂಬ ಹೋದರೆ ಆ ದಿನ ಅಲ್ಲಿ ಹಬ್ಬ. ಅರ್ಚಕರು ಒಬ್ಬರೇ ಅಭಿಷೇಕ ಮಾಡಿ, ಗಂಧೋದಕ ಕೊಡಲು ಎದುರಿಗೆ ಯಾರೂ ಇಲ್ಲದೆ ಬಾಗಿಲು ಹಾಕುವ ದಿನಗಳು ಅಲ್ಲಿ ಹೆಚ್ಚು. ಮಳೆಗೆ ಛಾವಣಿ ಸೋರುವುದು, ಗೋಡೆಯಲ್ಲಿ ಅರಳಿ ಗಿಡ ಹುಟ್ಟುವುದು, ನಂದಾದೀಪಕ್ಕೆ ಎಣ್ಣೆ ಸಾಲದಿರುವುದು ಹೋಗಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಗೋಡೆಯ ಗಿಡವನ್ನು ಚಿಕ್ಕದಿರುವಾಗ ಕೀಳಿಸಿದರೆ ಒಬ್ಬ ಆಳಿನ ಕೆಲಸ. ಹತ್ತು ವರ್ಷ ಬಿಟ್ಟರೆ ಗೋಡೆಯನ್ನೇ ಬಿಚ್ಚಿ ಕಟ್ಟಬೇಕು.

ಆದ್ದರಿಂದ ಬರುವಾಗ ಒಂದು ಡಬ್ಬಿ ದೀಪದ ಎಣ್ಣೆ, ಅಕ್ಷತೆಯ ಅಕ್ಕಿ, ಅರ್ಚಕರ ಮನೆಗೆ ಕೈಲಾದ ಕಾಣಿಕೆ ಒಯ್ಯುವುದನ್ನು ರೂಢಿ ಮಾಡಿಕೊಳ್ಳಬೇಕು. ಕಂಡ ಕೊರತೆಯನ್ನು ಊರಿನ ಸಮಿತಿಗೆ ಅಥವಾ ಆ ಭಾಗದ ಮಠಕ್ಕೆ ತಿಳಿಸಬೇಕು.

ಮಾಡಬಾರದ್ದೂ ಕೆಲವಿದೆ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಬಸದಿಗಳಲ್ಲಿ ಅನುಮತಿಯಿಲ್ಲದೆ ಹಾಲು, ಎಣ್ಣೆ, ಕುಂಕುಮ ಹಾಕಬಾರದು. ಶಾಸನದ ಮೇಲೆ ಸುಣ್ಣ, ಬಣ್ಣ ಬಳಿಯಬಾರದು. ಅಕ್ಷರ ಕಾಣಲೆಂದು ಕಲ್ಲಿನಿಂದ ಉಜ್ಜಬಾರದು. ಬಯಲಿನಲ್ಲಿ ಬಿದ್ದ ಜಿನಬಿಂಬ, ನಿಷಿಧಿ ಕಲ್ಲು ಕಂಡರೆ ಜಾಗ ಬದಲಿಸದೆ ಊರಿನವರಿಗೆ, ಇಲಾಖೆಗೆ ತಿಳಿಸಬೇಕು.

ಇನ್ನೊಂದು ಮಾತು. ಶಿಖರಜಿ ಪ್ರವಾಸಿ ತಾಣವಾಗಬಾರದು ಎಂದು ದೇಶದ ಜೈನ ಸಮಾಜ ಬೀದಿಗಿಳಿದಿತ್ತು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಅಲ್ಲಿ ಪ್ರವಾಸೋದ್ಯಮದ ಚಟುವಟಿಕೆಗಳನ್ನು ತಡೆಹಿಡಿಯಿತು. ಅಲ್ಲಿಗೆ ಕೇಳಿದ ಮರ್ಯಾದೆಯನ್ನೇ ನಮ್ಮೂರ ಬೆಟ್ಟದ ಬಸದಿಗೂ ನಾವು ಕೊಡಬೇಕು. ಬಸದಿಯ ಅಂಗಳದಲ್ಲಿ ಜೋರು ಹಾಡು, ಎಲ್ಲೆಂದರಲ್ಲಿ ತಿಂಡಿ, ಪ್ಲಾಸ್ಟಿಕ್ ಬಾಟಲಿ ಬಿಟ್ಟು ಬರುವುದು ನಮ್ಮವರಿಂದಲೇ ಆದರೆ ಬೇರೆಯವರಿಗೆ ಹೇಳುವ ಬಾಯಿ ಇರುವುದಿಲ್ಲ. ಬುತ್ತಿಯನ್ನು ಹೊರಗೆ ಮರದ ನೆರಳಿನಲ್ಲಿ ಬಿಚ್ಚಲಿ, ಮಕ್ಕಳು ಅಲ್ಲಿ ಆಡಲಿ, ನಗಲಿ. ಸಂತೋಷಕ್ಕೆ ಧರ್ಮದ ಅಡ್ಡಿಯಿಲ್ಲ.

ಈ ತಿಂಗಳಿನಿಂದಲೇ

ಶಿಖರಜಿಯ ಆಸೆಯನ್ನು ಯಾರೂ ಬಿಡಬೇಕಿಲ್ಲ. ದಾರಿ ತೆರೆದಾಗ, ಕಾಲಲ್ಲಿ ಶಕ್ತಿಯಿರುವಾಗ ಖಂಡಿತ ಹೋಗಬೇಕು. ಅಲ್ಲಿಯವರೆಗೆ ಮನೆಯವರೆಲ್ಲ ಕುಳಿತು ಒಂದು ಕಾಗದದಲ್ಲಿ ತಮ್ಮ ಜಿಲ್ಲೆಯ ಬಸದಿಗಳನ್ನು ಬರೆದು, ತಿಂಗಳಿಗೊಂದು ಭಾನುವಾರ ಒಂದೊಂದಕ್ಕೆ ಹೋಗುವ ಸಂಕಲ್ಪ ಮಾಡಬಹುದು. ಗಡಿ ಬರೆದಿಡಬೇಕು, ಅವಧಿಯನ್ನೂ ಬರೆದಿಡಬೇಕು. ವರ್ಷದ ಕೊನೆಗೆ ಹನ್ನೆರಡು ಜಿನಾಲಯಗಳ ದರ್ಶನವಾಗಿರುತ್ತದೆ, ಹನ್ನೆರಡು ಊರುಗಳ ಅರ್ಚಕರು ಹೆಸರು ಹಿಡಿದು ಮಾತಾಡಿಸುವಂತಾಗಿರುತ್ತದೆ. ಮುಂದೆ ಶಿಖರಜಿಗೆ ಹೊರಟಾಗ, ಆ ಹನ್ನೆರಡು ಊರಿನವರಲ್ಲಿ ಯಾರಾದರೂ ಜೊತೆಗೆ ಬಂದರೂ ಬರಬಹುದು.

ಜೈ ಜಿನೇಂದ್ರ.